ಅಂಟು ಹಾಕಿದ ಮನೆ

ಪ್ಲಾಸ್ಟಿಕ್ ಇಟ್ಟಿಗೆಗೆ ಅಂಟು ಹಾಕುವವರನ್ನು ನಾನು ಕ್ಷಮಿಸುವುದಿಲ್ಲ. ಓದುವವರಿಗೆ ನಗು ಬಂದರೆ ಬರಲಿ. ಐವತ್ತು ದಾಟಿದ, ಸರ್ಕಾರಿ ಕಡತ ನೋಡಿ ನೋಡಿ ಕನ್ನಡಕದ ನಂಬರು ಏರಿಸಿಕೊಂಡ ಹೆಂಗಸೊಬ್ಬಳು ಮಕ್ಕಳ ಆಟದ ಸಾಮಾನಿಗೆ ಇಷ್ಟು ಸಿಟ್ಟು ಮಾಡಿಕೊಳ್ಳುವುದೇ ಎಂದು ನಮ್ಮ ಮನೆಯಲ್ಲೇ ನಕ್ಕಿದ್ದಾರೆ. ನಕ್ಕವರಿಗೆ ಆ ವಾರ ಚಪಾತಿಯ ಜೊತೆ ಬರೀ ಉಪ್ಪಿನಕಾಯಿ ಸಿಕ್ಕಿತು.

ಇಟ್ಟಿಗೆಗಳು ಮೊದಲು ಮಗಳವು. ಅವಳು ಆರನೇ ಕ್ಲಾಸಿಗೆ ಬಂದಮೇಲೆ ಅವುಗಳತ್ತ ತಿರುಗಿ ನೋಡಲಿಲ್ಲ. ಎರಡು ಚೀಲ ತುಂಬ, ಮಂಚದ ಪೆಟ್ಟಿಗೆಯೊಳಗೆ ರಜಾಯಿಗಳ ಕೆಳಗೆ ಬಿದ್ದಿದ್ದವು. ದೇಶದ ರಾಜಧಾನಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸ್ ಬಿಟ್ಟು ದ್ವಾರಕಾದ ಹೌಸಿಂಗ್ ಸೊಸೈಟಿ ಫ್ಲ್ಯಾಟಿಗೆ ಬಂದ ವರ್ಷ, ಹಳೇ ಸಾಮಾನು ಕೊಳ್ಳುವ ಕಬಾಡಿ ಭಯ್ಯಾನಿಗೆ ಕೊಟ್ಟುಬಿಡೋಣವೆಂದು ಚೀಲ ಬಿಚ್ಚಿದೆ. ಬಣ್ಣ ನೋಡಿ ಬೇರೆ ಮಾಡುತ್ತ ಕೂತವಳು ಊಟ ಮರೆತೆ. ಕಬಾಡಿ ಭಯ್ಯಾ ಬಂದು ಗಂಟೆ ಒತ್ತಿ ಹೋದ.

ಒಂದಕ್ಕೊಂದು ಸಿಕ್ಕಿಸಲೆಂದು ಇಟ್ಟಿಗೆಯ ತಲೆಯ ಮೇಲಿರುವ ಗುಂಡು ಗುಂಡಾದ ಉಬ್ಬುಗಳಿಗೆ ನಾನು ಮೊಗ್ಗು ಎನ್ನುತ್ತೇನೆ. ಎಂಟು ಮೊಗ್ಗಿನದು, ನಾಲ್ಕು ಮೊಗ್ಗಿನದು, ಒಂಟಿ ಮೊಗ್ಗಿನದು. ಡಬ್ಬಿಯ ಮೇಲೆ ಬರುವ ಚಿತ್ರ ನೋಡಿ ಕಟ್ಟುವುದು ನನಗೆ ಬೇಡ. ಅದು ಇನ್ನೊಬ್ಬರು ಬರೆದ ಟಿಪ್ಪಣಿಗೆ ಸಹಿ ಹಾಕಿದಂತೆ, ಅದನ್ನು ಆಫೀಸಿನಲ್ಲಿ ಸಾಕಷ್ಟು ಮಾಡಿದ್ದೇನೆ. ಮನಸ್ಸಿನಲ್ಲಿರುವುದನ್ನು ಕಟ್ಟಬೇಕು. ಹಾಗೆ ಕಟ್ಟುವ ದೊಡ್ಡವರ ಗುಂಪುಗಳು ಫೋನಿನಲ್ಲಿವೆ ಎಂದು ಆಮೇಲೆ ಗೊತ್ತಾಯಿತು. ಒಬ್ಬರು ರೈಲ್ವೆ ಸ್ಟೇಷನ್ ಕಟ್ಟುತ್ತಾರೆ, ಇನ್ನೊಬ್ಬರು ತಮ್ಮ ಅಜ್ಜನ ಸೈಕಲ್ ಅಂಗಡಿ. ಯಾರನ್ನು ಕೇಳಿದರೂ ಒಂದು ಮಾತಿನಲ್ಲಿ ಎಲ್ಲರೂ ಒಂದೇ: ಅಂಟು ಮುಟ್ಟಬಾರದು. ಕಟ್ಟಿದ್ದು ಬಿಚ್ಚಲು ಬರಬೇಕು, ತಪ್ಪಿದ್ದು ತಿದ್ದಲು ಬರಬೇಕು. ನಿಜವಾದ ಮನೆಯಲ್ಲಿ ಆ ಸೌಕರ್ಯ ಯಾರಿಗಿದೆ?

ನಾನು ಕಟ್ಟಿದ್ದು ನಮ್ಮ ಆರ್.ಕೆ.ಪುರಂ ಮನೆಯನ್ನು. ನಾವು ಬಿಟ್ಟುಬಂದಮೇಲೆ ಆ ಸಾಲನ್ನೇ ಕೆಡವಿದರು. ಒಂದು ಶನಿವಾರ ಆಟೋ ಮಾಡಿಕೊಂಡು ಹೋಗಿ ನೋಡಿದೆ. ತಗಡಿನ ಬೇಲಿ, ಅದರಾಚೆ ಧೂಳು. ಹತ್ತೊಂಬತ್ತು ವರ್ಷ ನಾನು ಒರೆಸಿದ ನೆಲ ಎಲ್ಲಿತ್ತು ಎಂದು ಬೆರಳು ತೋರಿಸಲೂ ಆಗಲಿಲ್ಲ. ವಾಪಸು ಬಂದು ಹಳದಿ ಇಟ್ಟಿಗೆಗಳನ್ನೆಲ್ಲ ಒಂದು ಕಡೆ ರಾಶಿ ಹಾಕಿದೆ. ಸಾಲಲಿಲ್ಲ. ಸದರ್ ಬಜಾರಿನಲ್ಲಿ ಆಟದ ಸಾಮಾನು ತೂಕಕ್ಕೆ ಮಾರುವ ಭಯ್ಯಾನೊಬ್ಬನ ಗೋಣಿಚೀಲದಲ್ಲಿ ಕೈಯಾಡಿಸಿ, ಆ ಮನೆಯ ಗೋಡೆಯ ಸುಣ್ಣದ ಹಳದಿಗೆ ಹತ್ತಿರದ ಬಣ್ಣವನ್ನು ಒಂದೊಂದಾಗಿ ಆರಿಸಿದೆ.

ಮೇಲಿನ ಮಹಡಿಯ ಮನೆ ನಮ್ಮದು. ಎರಡು ಕೋಣೆ. ಒಂದು ಅತ್ತೆ ಮಾವನವರಿಗೆ, ಒಂದು ನಮಗೆ. ಬಡ್ತಿ ಪರೀಕ್ಷೆಗೆ ನಾನು ಓದಿದ್ದು ಕಿಟಕಿ ಹಾಕಿ ಮುಚ್ಚಿದ ಹಿಂದಿನ ಬಾಲ್ಕನಿಯಲ್ಲಿ, ಕೂಲರಿನ ಪಕ್ಕ. ಮಡಚುವ ಮೇಜು ಹಾಕಿದರೆ ಕುರ್ಚಿಗೆ ಅರ್ಧವೇ ಜಾಗ. ಅಡುಗೆ, ಅತ್ತೆಯ ಮಾತ್ರೆ, ಮಗಳ ಹೋಂವರ್ಕು ಎಲ್ಲ ಮುಗಿದಮೇಲೆ ಅಲ್ಲಿ ಕೂತು ನಿಯಮಾವಳಿ ಬಾಯಿಪಾಠ ಮಾಡಿದೆ. ಎರಡು ಸಲ ಫೇಲಾದೆ, ಮೂರನೇ ಸಲ ಪಾಸಾದೆ. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅಷ್ಟು ಜಾಗ.

ಮಾದರಿಯಲ್ಲಿ ಆ ಬಾಲ್ಕನಿಯನ್ನು ಮಾಡಲು ನಾಲ್ಕು ತಿಂಗಳು ಹಿಡಿಯಿತು. ಮೇಜು ಮಡಚುತ್ತಿತ್ತು. ಕೂಲರಿನ ಬದಿಗೆ ನೀರು ಹಿಡಿಯಲು ಹಾಕುವ ಹುಲ್ಲಿಗೆ ಕಂದು ಪಟ್ಟಿಗಳು. ಕುರ್ಚಿಯ ಮೇಲೆ ಐದು ಚೂರುಗಳಿಂದ ಮಾಡಿದ ನೀಲಿ ಸೀರೆಯ ಹೆಂಗಸು, ತಲೆ ಬಗ್ಗಿಸಿ ಕೂತಿದ್ದಳು. ಕಿಟಕಿಗಳಿಗೆ ಹೊಗೆಬಣ್ಣದ ಗಾಜಿನಂಥ ಇಟ್ಟಿಗೆ ಹಾಕಿದ್ದರಿಂದ ಹೊರಗಿನಿಂದ ಇದೊಂದೂ ಕಾಣದು. ಚಾವಣಿಯನ್ನು ಮಾತ್ರ ಮೊಗ್ಗಿಗೆ ಸಿಕ್ಕಿಸದೆ ಸುಮ್ಮನೆ ಕೂರಿಸಿದ್ದೆ, ಡಬ್ಬಿಯ ಮುಚ್ಚಳದ ಹಾಗೆ. ಎತ್ತಿದರೆ ಮನೆ. ಎತ್ತಿ ನೋಡಿದವಳು ಮಗಳೊಬ್ಬಳೇ. ನನ್ನ ಗಂಡ ಸೋಫಾದಿಂದಲೇ ಚೆನ್ನಾಗಿದೆ ಎಂದಿದ್ದರು.

ದ್ವಾರಕಾ ಕಡೆಯ ಕನ್ನಡಿಗರದೊಂದು ಸಂಘವಿದೆ. ರಾಜ್ಯೋತ್ಸವಕ್ಕೆ ಸೊಸೈಟಿಯ ಹಾಲಿನಲ್ಲಿ ಕಾರ್ಯಕ್ರಮ, ಪಕ್ಕದಲ್ಲಿ ಸದಸ್ಯರ ಕೈಕೆಲಸದ ಪ್ರದರ್ಶನ. ಕಸೂತಿ, ರಂಗೋಲಿ, ನನ್ನ ಮನೆ. ಮುಖ್ಯ ಅತಿಥಿ ಒಬ್ಬ ದೊಡ್ಡ ಅಧಿಕಾರಿ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ ಎಲ್ಲ ಸಿದ್ಧ. ಸ್ಮರಣಿಕೆ ಮಾತ್ರ ಇಲ್ಲ. ಪ್ರತಿವರ್ಷ ಕೊಡುವ ಬೀಟೆಮರದ ಆನೆಯನ್ನು ತರಬೇಕಾಗಿದ್ದವರು ಅದನ್ನು ಮೈಸೂರಿನಲ್ಲಿ ಸೋಫಾದ ಮೇಲೆ ಮರೆತು ರೈಲು ಹತ್ತಿದ್ದರು. ಮುಖ್ಯ ಅತಿಥಿಯನ್ನು ಸ್ಮರಣಿಕೆಯಿಲ್ಲದೆ ಕಳಿಸುವುದೆಂದರೆ ನಮ್ಮವರಿಗೆ ಬೀಗರನ್ನು ಊಟವಿಲ್ಲದೆ ಕಳಿಸಿದ ಹಾಗೆ. ಕಾರ್ಯದರ್ಶಿಗಳು ಹಾಲಿನ ಸುತ್ತ ಕಣ್ಣು ಹಾಯಿಸಿದರು.

ನಾನು ಆಗ ಹಿಂದಿನ ಕೋಣೆಯಲ್ಲಿ ಬಿಸಿಬೇಳೆಬಾತಿನ ಪಾತ್ರೆಯ ಮುಂದೆ ಸೌಟು ಹಿಡಿದು ನಿಂತಿದ್ದೆ. ಸಂಘದಲ್ಲಿ ಭಾಷಣ ಗಂಡಸರದು, ಸೌಟು ನಮ್ಮದು. ಮೈಕಿನಲ್ಲಿ ಕಾರ್ಯದರ್ಶಿಗಳ ದನಿ ಕೇಳಿತು: "ನಮ್ಮ ಸದಸ್ಯರೊಬ್ಬರ ಪುಟ್ಟ ಮಗಳು ಆಟವಾಡುತ್ತಾ ಮಾಡಿದ ಈ ಸುಂದರ ಮನೆಯನ್ನು ಮಾನ್ಯ ಅತಿಥಿಗಳಿಗೆ ಪ್ರೀತಿಯ ಕಾಣಿಕೆಯಾಗಿ ಅರ್ಪಿಸುತ್ತಿದ್ದೇವೆ."

ಬಾಗಿಲಿಗೆ ಬಂದು ನೋಡಿದೆ. ವೇದಿಕೆಯ ಮೇಲೆ ನನ್ನ ಮನೆ ಪಾರದರ್ಶಕ ಕಾಗದದಲ್ಲಿ ಸುತ್ತಿಸಿಕೊಂಡು, ರಿಬ್ಬನ್ ಕಟ್ಟಿಸಿಕೊಂಡು ಕೈಯಿಂದ ಕೈಗೆ ದಾಟುತ್ತಿತ್ತು. ಮೊದಲ ಸಾಲಿನಲ್ಲಿ ನನ್ನ ಗಂಡ ಕೋಲೆಬಸವನ ಹಾಗೆ ತಲೆಯಾಡಿಸುತ್ತ ಚಪ್ಪಾಳೆ ತಟ್ಟುತ್ತಿದ್ದರು. ಅವರನ್ನು ಕೇಳಿಯೇ ಕೊಟ್ಟಿದ್ದರು, ನನ್ನನ್ನು ಕೇಳಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಹೋಗಿ ಕಿತ್ತುಕೊಳ್ಳಬೇಕಿತ್ತು. ಹೋಗಲಿಲ್ಲ. ತಿರುಗಿ ಬಂದು ಇನ್ನೂರು ತಟ್ಟೆಗೆ ಬಿಸಿಬೇಳೆಬಾತು ಬಡಿಸಿದೆ. ಆ ಸಿಟ್ಟು ನನ್ನ ಮೇಲೆಯೇ ಇದೆ, ಇವತ್ತಿಗೂ.

ಮನೆಗೆ ಬಂದಮೇಲೆ ಗಂಡನನ್ನು ಕೇಳಿದೆ. ಅಷ್ಟು ದೊಡ್ಡವರ ಮುಂದೆ ಹೇಗೆ ಬೇಡ ಎನ್ನಲಿ, ನೀನು ಏನೂ ಅಂದುಕೊಳ್ಳುವುದಿಲ್ಲ ಅಂತ ತಿಳಿದೆ, ಇನ್ನೊಂದು ಮಾಡಿಕೊಂಡರಾಯಿತು ಎಂದರು. ಮೂವತ್ತು ವರ್ಷ ಫೈಲು ಹಿಡಿದು ದೊಡ್ಡವರ ಮುಂದೆ ನಿಂತವರ ಬೆನ್ನು ನಿವೃತ್ತಿಯಾದರೂ ನೆಟ್ಟಗಾಗುವುದಿಲ್ಲ. ನನಗಿಂತ ಮೊದಲು ಉತ್ತರ ಕೊಟ್ಟವಳು ಮಗಳು. ಹನ್ನೆರಡನೇ ಕ್ಲಾಸಿನ ಪುಸ್ತಕ ಕೆಳಗಿಟ್ಟು ಹೇಳಿದಳು: "ಪಪ್ಪಾ, ವೋ ಆಪ್‌ಕಾ ಥಾ ಕ್ಯಾ? ಅದೇನು ನಿಮ್ಮದಾ? ಮಮ್ಮಿದು. ನಂದೂ ಅಲ್ಲ."

ಮರುದಿನ ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ. ಅವರು ಬಹಳ ವಿನಯದಿಂದ, ಆನೆ ಮುಂದಿನ ವಾರ ಬರುತ್ತದೆ, ಅದನ್ನು ನೀವೇ ಇಟ್ಟುಕೊಳ್ಳಿ ಎಂದರು. ಸರಿ, ಕೊಡಿ ಎಂದೆ. ಆನೆ ಬಂದ ದಿನ ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಅದನ್ನು ಚೀಲದಲ್ಲಿಟ್ಟುಕೊಂಡು, ಮೆಟ್ರೋ ಹತ್ತಿ ಆ ಅಧಿಕಾರಿಯ ಬಂಗಲೆಗೆ ಹೋದೆ. ಗೇಟಿನವನಿಗೆ ಸಂಘದಿಂದ ಬಂದಿದ್ದೇನೆ ಎಂದೆ. ಅದೊಂದು ಸುಳ್ಳಿಗೆ ನನಗೆ ಬೇಸರವಿಲ್ಲ.

ಅಧಿಕಾರಿ ಇರಲಿಲ್ಲ. ಅವರ ಹೆಂಡತಿ ಒಳಗೆ ಕರೆದು ಕೂರಿಸಿದರು. ಒಳ್ಳೆಯ ಹೆಂಗಸು. ವಿಷಯ ಹೇಳಿದೆ, ಸುತ್ತಿ ಬಳಸದೆ: ಆ ಮನೆ ನಾನು ಮಾಡಿದ್ದು, ನನ್ನನ್ನು ಕೇಳದೆ ಕೊಟ್ಟಿದ್ದಾರೆ, ಈ ಆನೆಯನ್ನು ಇಟ್ಟುಕೊಂಡು ಅದನ್ನು ಕೊಡಿ. ಅವರು ಆನೆಯನ್ನು ನೋಡಿ ನಕ್ಕರು. ಅಂಥವು ಅವರ ಮನೆಯಲ್ಲಿ ಒಂದು ಹಿಂಡೇ ಇತ್ತು. ಫ್ರಿಡ್ಜಿನ ಮೇಲಿಂದ ನನ್ನ ಮನೆಯನ್ನು ಇಳಿಸಿ, ರಿಬ್ಬನ್ ಸಮೇತ ಕೈಗೆ ಕೊಟ್ಟರು. ಇಷ್ಟು ಸಲೀಸಾಗಿ ಸಿಗುತ್ತದೆಂದು ನಾನು ಎಣಿಸಿರಲಿಲ್ಲ. ಆ ಖುಷಿಯಲ್ಲಿ, ನಿಮಗೊಂದು ತೋರಿಸುತ್ತೇನೆ ಎಂದು ಕಾಗದ ಬಿಚ್ಚಿ ಚಾವಣಿಗೆ ಕೈಹಾಕಿದೆ.

ಚಾವಣಿ ಏಳಲಿಲ್ಲ.

ಉಗುರು ಹಾಕಿ ಮೀಟಿದೆ. ಅಂಚಿನುದ್ದಕ್ಕೂ ಬಿಳಿ ಬೂಷ್ಟಿನಂಥ ಗೆರೆ. ಬಾಗಿಲಿಗೆ, ನೀರಿನ ಟ್ಯಾಂಕಿಗೆ, ಮೆಟ್ಟಿಲಿಗೆ, ಎಲ್ಲೆಲ್ಲೂ ಅದೇ ಬಿಳಿ. ಮನೆ ಕಲ್ಲಾಗಿತ್ತು.

"ಒಳಗೆ ಏನಾದ್ರೂ ಇದೆಯಾ?" ಎಂದು ಆಕೆ ಕೇಳಿದರು.

ಏನಿಲ್ಲ ಮೇಡಂ ಎಂದುಬಿಟ್ಟೆ. ನಾಲಿಗೆಗೆ ಅದೇ ರೂಢಿ.

ಬಂಗಲೆಯ ಗೇಟಿನ ಹೊರಗೆ ನಿಂತು ಕಾರ್ಯದರ್ಶಿಗಳಿಗೆ ಮತ್ತೆ ಫೋನ್ ಮಾಡಿದೆ. ಅವರು ಹೆಮ್ಮೆಯಿಂದಲೇ ಒಪ್ಪಿಕೊಂಡರು. ಕಾರಿನಲ್ಲಿ ಕಳಚಿಬಿದ್ದರೆ ಸಂಘದ ಮರ್ಯಾದೆಯ ಪ್ರಶ್ನೆಯೆಂದು ಪಕ್ಕದ ಸ್ಟೇಷನರಿ ಅಂಗಡಿಯಿಂದ ನಾಲ್ಕು ಟ್ಯೂಬು ಅಂಟು ತರಿಸಿದ್ದರಂತೆ. "ಚಾವಣಿ ಬರೀ ಕೂತಿತ್ತು ಮೇಡಂ, ಯಾರೂ ಸರಿಯಾಗಿ ಹಾಕಿರಲಿಲ್ಲ. ನಾನೇ ಗಟ್ಟಿ ಮಾಡಿಸಿದೆ." ಮುಂದಿನ ಸಲ ಬಿಸಿಬೇಳೆಬಾತನ್ನೂ ನೀವೇ ಗಟ್ಟಿ ಮಾಡಿಸಿಕೊಳ್ಳಿ ಸಾರ್, ನಾನು ಬರುವುದಿಲ್ಲ ಎಂದು ಫೋನ್ ಇಟ್ಟೆ. ಮೆಟ್ರೋದಲ್ಲಿ ಆ ಮನೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಎದುರು ಕೂತವರಿಗೆ ಅಳು ಕಾಣದಿರಲೆಂದು ಕನ್ನಡಕ ಒರೆಸುತ್ತಲೇ ಇದ್ದೆ. ಅದು ದುಃಖದ ಅಳುವಲ್ಲ, ಸಿಟ್ಟಿನದು.

ಮನೆಯಲ್ಲಿ ಊಟದ ಮೇಜಿನ ಮೇಲಿಟ್ಟೆ. ಮಗಳು ಚಾವಣಿ ಎತ್ತಲು ಹೋಗಿ ನಿಂತಳು, ನನ್ನ ಮುಖ ನೋಡಿದಳು, ಸ್ಕ್ರೂಡ್ರೈವರ್ ಹುಡುಕಲು ಹೋದಳು. ಗಂಡ ಬಂದು ಬೆರಳಿನಿಂದ ಗೋಡೆ ತಟ್ಟಿ, ಸಿಕ್ಕಿತಲ್ಲ ಬಿಡು, ಒಳ್ಳೆಯದೇ ಆಯಿತು, ಇನ್ನು ಬಿದ್ದರೂ ಒಡೆಯುವುದಿಲ್ಲ ಎಂದರು. ಮಗಳು ಸ್ಕ್ರೂಡ್ರೈವರ್ ತಂದು ಅಂಚಿಗೆ ಕೊಟ್ಟಳು. ಹಳದಿ ಇಟ್ಟಿಗೆಯ ಒಂದು ಮೂಲೆ ಮುರಿದು ನೆಲಕ್ಕೆ ಹಾರಿತು. ಸಾಕು, ಬಿಡು ಎಂದೆ.

ಅಷ್ಟು ಹೊತ್ತಿಗೆ ಗಂಡನಿಗೆ ಏನೋ ಅನ್ನಿಸಿರಬೇಕು. ಕುರ್ಚಿ ಎಳೆದುಕೊಂಡು ಕೂತು, ಬಗ್ಗಿ, ಕಿಟಕಿಗೆ ಕಣ್ಣು ಹಚ್ಚಿದರು. ನಾನದನ್ನು ಕಟ್ಟಿದ ಎರಡು ವರ್ಷದಲ್ಲಿ ಮೊದಲ ಸಲ.

"ಒಳಗೆ ಏನಿತ್ತು?"

"ನಾನಿದ್ದೆ" ಎಂದೆ.

ಅವರು ಇನ್ನೂ ಸ್ವಲ್ಪ ಹೊತ್ತು ಹಾಗೇ ಬಗ್ಗಿ ನೋಡುತ್ತಿದ್ದರು. ಹೊಗೆಬಣ್ಣದ ಆ ಕಿಟಕಿಯಿಂದ ಏನೂ ಕಾಣುವುದಿಲ್ಲ.