ಲಿಂಬೆ ನೀರಿಗೆ ಬಿದ್ದ ಹಲ್ಲುಗಳು

ಕಾಲೇಜಿನ ವಾಚ್‌ಮನ್ ಬೆಳಗಿನ ಮೊದಲ ಚಹಾ ಮುಗಿಸುವಷ್ಟರಲ್ಲಿ ಜಯಲತಾ ಪ್ರಯೋಗಾಲಯದ ಬೀಗ ತೆಗೆದು, ಸೆರಗು ಸಿಕ್ಕಿಸಿ ನಿಂತಿರುತ್ತಾರೆ. ಕಳವಾ ಎಂಬಲ್ಲಿನ ಒಂದು ಕೋಣೆಯ ಮನೆಯಿಂದ ಹೊರಟು, ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬದಲಿಸಿ, ನವಿ ಮುಂಬೈಯ ಈ ದಂತ ಕಾಲೇಜಿಗೆ ಬರುವ ಅವರ ಮುಂದೆ ಬೋಗುಣಿ ತುಂಬ ಕಿತ್ತ ಹಲ್ಲುಗಳಿವೆ. ಒಂದೊಂದನ್ನೇ ಬ್ರಷ್ಷಿನಿಂದ ಉಜ್ಜಿ, ಬೇರಿನ ಉದ್ದಕ್ಕೂ ಎರಡು ಹೋಳು ಮಾಡುತ್ತಾರೆ. ಒಂದು ಹೋಳು ಪರೀಕ್ಷೆಗೆ, ಇನ್ನೊಂದು ಫ್ರಿಜ್ಜಿಗೆ.

"ಸುರುವಿಗೆ ಅಸಹ್ಯ ಆಗ್ತಿತ್ತು. ಈಗ ಬಟಾಟೆ ಕೊಯ್ದ ಹಾಗೆ," ಎಂದು ನಗುತ್ತಾರೆ.

ಕರಾವಳಿಯ ಕಾಪುವಿನಿಂದ ಮದುವೆಯಾಗಿ ಬಂದವರು. ಠಾಣೆಯ ನೌಪಾಡಾದ ಹೋಟೆಲೊಂದರಲ್ಲಿ ಗಂಡ ಅಡುಗೆಗೆ ನಿಂತರೆ, ಇವರು ಹಿಂದುಗಡೆ ಪಾತ್ರೆ ತೊಳೆದರು. ಸೊಂಟ ಕೈಕೊಟ್ಟ ಮೇಲೆ ಸಿಕ್ಕಿದ ನೆಮ್ಮದಿಯ ಕೆಲಸ ಇದು. ಕಳೆದ ತಿಂಗಳು ಅದೂ ಕೈತಪ್ಪುವುದರಲ್ಲಿತ್ತು.

ರೂಟ್ ಕೆನಾಲ್ ಮಾಡುವಾಗ ವೈದ್ಯರು ಬೇರಿನೊಳಗಿನ ನಾಳವನ್ನು ಔಷಧಿ ನೀರಿನಿಂದ ತೊಳೆಯುತ್ತಾರೆ. ಕ್ರಿಮಿಯೇನೋ ಸಾಯುತ್ತದೆ, ಆದರೆ ಆ ನೀರಿಗೆ ಹಲ್ಲಿನ ಒಳಗೋಡೆಯಾದ ಡೆಂಟಿನ್ ಮೆತ್ತಗಾದರೆ ನಾಳೆ ಹಲ್ಲೇ ಮುರಿದೀತು. ಯಾವ ದ್ರಾವಣ ಎಷ್ಟು ಮೆತ್ತಗಾಗಿಸುತ್ತದೆ ಎಂಬುದು ಸ್ನಾತಕೋತ್ತರ ವಿದ್ಯಾರ್ಥಿನಿ ಸಂಯುಕ್ತಾಳ ಪ್ರಬಂಧ. ಹೋಲಿಕೆಗೆಂದು ಒಂದು ಗುಂಪನ್ನು ಬರೀ ಶುದ್ಧ ನೀರಿನಲ್ಲಿಡುತ್ತಾರೆ. ಅವು ಗಟ್ಟಿಯಾಗಿಯೇ ಇರಬೇಕು.

ನೋಡಿದರೆ ಅವೇ ಎಲ್ಲಕ್ಕಿಂತ ಮೆತ್ತಗೆ! ಗಟ್ಟಿತನ ಅಳೆಯುವ ಯಂತ್ರದ ವಜ್ರದ ಮೊನೆ ಒತ್ತಿದಲ್ಲೆಲ್ಲ ದೊಡ್ಡ ಗುಳಿ. ಸಂಯುಕ್ತಾ ಯಂತ್ರಕ್ಕೆ ಶಾಪ ಹಾಕಿದಳು, ರಿಪೇರಿಯವನನ್ನು ಕರೆಸಿದಳು. ಪ್ರಬಂಧ ಒಪ್ಪಿಸುವ ದಿನ ಹತ್ತಿರ ಬಂದಿತ್ತು. ಕಲ್ಯಾಣ್, ಡೊಂಬಿವಲಿಯ ಕ್ಲಿನಿಕ್ಕುಗಳನ್ನು ಅಲೆದು ಕೂಡಿಸಿದ ಹಲ್ಲುಗಳು, ಮತ್ತೆ ಬೇಗ ಸಿಗುವಂಥವೂ ಅಲ್ಲ.

ಅತ್ತ ಆ ಹಲ್ಲುಗಳಿದ್ದ ಬಾಟಲಿ ತೊಳೆಯಲು ಹೋದ ಜಯಲತಾ ಒಮ್ಮೆ ಮೂಸಿದರೆ ಲಿಂಬೆಯ ವಾಸನೆ. ಬೋರ್ ನೀರಿನ ಬಿಳಿ ಕಲೆ ಹೋಗಲು ಹಿಂಡಿದ ಲಿಂಬೆಯ ಸಿಪ್ಪೆ ಕುದಿಸಿ, ಸೋಸಿದ ನೀರನ್ನು ಪಾತ್ರೆಗೆ ತುಂಬಿಡುವುದು ಹೋಟೆಲಿನ ಅಭ್ಯಾಸ. ಮಸುಕಾದ ಬಾಟಲಿಗಳಿಗೂ ಹಾಗೇ ತುಂಬಿದ್ದರು. ಒಂದನ್ನು ಚೆಲ್ಲಲು ಮರೆತು, ಶುದ್ಧ ನೀರೆಂದೇ ಹಲ್ಲುಗಳನ್ನು ಅದಕ್ಕೆ ಹಾಕಿದ್ದರು. ಹುಳಿಗೆ ಡೆಂಟಿನ್ ಸವೆಯದೆ ಇರುತ್ತದೆಯೇ?

ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಿಟ್ಟರೆ ಕೆಲಸ ಹೋದೀತು. ಕೈ ಒರೆಸಿಕೊಂಡು ಸೀದಾ ಹುಡುಗಿಯ ಮಾರ್ಗದರ್ಶಕ ಡಾ. ಸರ್ವೋತ್ತಮರ ಮುಂದೆ ನಿಂತರು. "ಮೆಷಿನ್ ಸರಿ ಉಂಟು ಸರ್. ತಪ್ಪು ನನ್ನದು."

ಸರ್ವೋತ್ತಮರು ನಡೆದದ್ದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಕೇಳಿದರು, "ಉಳಿದ ಹೋಳುಗಳು?"

"ಫ್ರಿಜ್ಜಲ್ಲಿ ಉಂಟು. ಮುಟ್ಟಲಿಲ್ಲ."

ಆ ಹೋಳುಗಳನ್ನು ನಿಜವಾದ ಶುದ್ಧ ನೀರಿಗೆ ಹಾಕಿ, ಹೊತ್ತು ತುಂಬಿದ ಮೇಲೆ ಯಂತ್ರಕ್ಕೆ ಕೊಟ್ಟರು. ಗುಳಿ ಕಂಡೂ ಕಾಣದಷ್ಟು ಚಿಕ್ಕದು. "ಬದುಕ್ಕೊಂಡೆ ಅಕ್ಕಾ," ಎಂದು ಸಂಯುಕ್ತಾ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕುಳಿತಳು. ಜಯಲತಾ ಬಚ್ಚಲಿಗೆ ಹೋಗಿ ಅತ್ತು ಮುಖ ತೊಳೆದು ಬಂದರು. ಎಷ್ಟೋ ದಿನದ ಮೇಲೆ ಅಂದು ಹೊಟ್ಟೆ ತುಂಬ ಉಂಡರಂತೆ.

ಪ್ರಬಂಧ ಈಗ ಒಪ್ಪಿಗೆಯಾಗಿದೆ. ಲಿಂಬೆಗೆ ಪ್ರಯೋಗಾಲಯದಲ್ಲಿ ಪ್ರವೇಶವಿಲ್ಲ. ಕೆಲಸ ಉಳಿದದ್ದೇ ದೊಡ್ಡ ಸಮಾಧಾನವಲ್ಲವೇ ಎಂದರೆ ಜಯಲತಾ ತಲೆಯಾಡಿಸುತ್ತಾರೆ.

"ಅದು ಹೌದು. ಆದ್ರೆ ಇನ್ನು ಬಾಟ್ಲಿ ತೊಳಿಲಿಕ್ಕೆ ಬೇರೆ ಜನ ಇಡ್ತಾರೆ, ನನಗೆ ನೆಲ ಒರೆಸುದೇ ಗತಿ ಅಂತ ಮಾಡಿದ್ದೆ. ಮರುದಿನ ಬೆಳಿಗ್ಗೆ ಸರ್ ತಾವೇ ಬಂದು ಬಾಟ್ಲಿಯ ಟ್ರೇ ಪುನಃ ನನ್ನ ಕೈಗೇ ಕೊಟ್ರು ಮಾರಾಯ್ರೆ."