ಕುಲುಮೆಗೆ ಮರಳದ ಕತ್ತರಿ

ಪ್ರತಿ ಮನೆಯಲ್ಲೂ ಒಂದು ಕತ್ತರಿ ಇರುತ್ತದೆ. ಬೇಕಾದಾಗ ಮಾತ್ರ ಇರುವುದಿಲ್ಲ. ನಮ್ಮ ಮನೆಯಲ್ಲಂತೂ ಹಾಲಿನ ಪ್ಯಾಕೆಟ್ಟಿನಿಂದ ಹಿಡಿದು ಲಗ್ನಪತ್ರಿಕೆಯ ಲಕೋಟೆಯವರೆಗೆ ಸಕಲ ವಸ್ತುಗಳ ಛೇದನಕ್ರಿಯೆಯೂ ನನ್ನ ಹಲ್ಲಿನಿಂದಲೇ ನೆರವೇರುತ್ತದೆ. ಆ ಸೇವೆಯಲ್ಲಿ ಮುಂದಿನ ಹಲ್ಲೊಂದು ಮುಕ್ಕಾದ ಮೇಲೂ ನಾನು ಪಾಠ ಕಲಿತಿಲ್ಲವೆಂದರೆ, ಬೇರೆಯವರಿಗೆ ಪಾಠ ಹೇಳುವುದೇ ನನಗೆ ಅಷ್ಟು ಬಿಡುವಿಲ್ಲದ ಕೆಲಸ ಎಂದು ತಿಳಿಯಿರಿ.

ಹೇಗೂ ಮಾತು ಬಂತು, ಕತ್ತರಿ ಕೊಳ್ಳುವ ಕ್ರಮವನ್ನೂ ಹೇಳಿಬಿಡುತ್ತೇನೆ. ಹೊಳಪು ನೋಡಬೇಡಿ, ಹೊಳಪು ಬಣ್ಣದಂಗಡಿಯಲ್ಲೂ ಸಿಗುತ್ತದೆ. ಒದ್ದೆ ಬಟ್ಟೆಯ ಅಂಚನ್ನು ಅಲಗಿನ ತುದಿಯಿಂದ ಕತ್ತರಿಸಿ. ಬಟ್ಟೆ ಮಡಚಿಕೊಂಡು ಅಲಗುಗಳ ನಡುವೆ ಸಿಕ್ಕಿಕೊಂಡರೆ ಅಂಗಡಿಯವನಿಗೆ ನಮಸ್ಕಾರ ಹೇಳಿ ಎದ್ದುಬನ್ನಿ. ಚಳ್ಳಕೆರೆಯ ಎಣ್ಣೆಮಿಲ್ಲುಗಳಿಗೆ ಹಳೇ ಗೋಣಿಚೀಲ ಮಾರುತ್ತ ಜೀವನ ಆರಂಭಿಸಿ, ಇಂದು ಮಿಲ್ಲಿನ ಹಳೇ ಯಂತ್ರಗಳನ್ನೇ ಮಾರುವ ಮಟ್ಟಕ್ಕೆ ಏರಿದವನ ಮಾತಿದು. ಪುಕ್ಕಟೆ ಸಿಕ್ಕಿತೆಂದು ತಾತ್ಸಾರ ಮಾಡಬೇಡಿ.

ಈ ವಿದ್ಯೆಯನ್ನು ನನಗೆ ಕಲಿಸಿದವನು ಗೆಳೆಯ ಮೌನೇಶಾಚಾರಿ. ಅವನ ತಾತ ಎತ್ತಿನ ಗಾಡಿಯ ಮೇಲೆ ಬೆಂಕಿ ಊದುವ ತಿದಿ, ಕಬ್ಬಿಣ ಬಡಿಯುವ ಅಡಿಗಲ್ಲುಗಳನ್ನು ಹೇರಿಕೊಂಡು ಊರೂರು ಸುತ್ತಿ, ಕಡೆಗೆ ಚಳ್ಳಕೆರೆಯಲ್ಲಿ ಎತ್ತುಗಳ ಕೊರಳು ಬಿಚ್ಚಿದವನಂತೆ. ಕುರಿಯ ಉಣ್ಣೆ ಕತ್ತರಿಸಲು ದೊಡ್ಡ ಕತ್ತರಿ, ಮೊಳಕಾಲ್ಮೂರಿನ ಮಗ್ಗಗಳ ರೇಷ್ಮೆ ಎಳೆಗೆ ಚಿಕ್ಕ ಕತ್ತರಿ. ಎರಡರ ಅಲಗಿನ ಒಳಮೈಗೂ ಅರ್ಧಚಂದ್ರ ಮತ್ತು ಮೂರು ಚುಕ್ಕಿಯ ಗುರುತು. ತಾತ ಹೋಗಿ ಮಗ, ಮಗ ಹೋಗಿ ಮೊಮ್ಮಗ ಬಂದರೂ ಗುರುತು ಬದಲಾಗಲಿಲ್ಲ. ಈಗ ಅದನ್ನು ಒತ್ತುವವಳು ಮೌನೇಶನ ಹೆಂಡತಿ ಕಾಳಮ್ಮ.

ಗುರುತಿನಂತೆಯೇ ಬದಲಾಗದ ಇನ್ನೊಂದು ಪದ್ಧತಿ ಆ ಕುಲುಮೆಯದು. ಹಳೇ ಕತ್ತರಿ ತಂದುಕೊಟ್ಟವನಿಗೇ ಹೊಸದು. ಹಳೆಯ ಉಕ್ಕನ್ನು ಕಾಯಿಸಿ ಬಡಿದು ಹೊಸದರ ಬಾಯಿಗೆ ಕೂಡಿಸುತ್ತಾರೆ. ಒಮ್ಮೆ ಮನುಷ್ಯನ ಅಂಗೈ ಕಂಡ ಉಕ್ಕು ಬೇಗ ಪಳಗುತ್ತದೆಂದು ತಾತನ ಸಿದ್ಧಾಂತ. ಘನವಾದ ಸಿದ್ಧಾಂತವೇ, ಆದರೆ ಅದರ ಫಲವಾಗಿ ಮೂರು ತಲೆಮಾರಿನ ಕಾರ್ಖಾನೆಯಲ್ಲಿ ತನ್ನದೇ ಹಳೆಯ ಮಾಲೊಂದೂ ಉಳಿದಿರಲಿಲ್ಲ. ಇತಿಹಾಸವನ್ನು ಬರೆಯದವರನ್ನು ಕಂಡಿದ್ದೇನೆ, ಮರೆತವರನ್ನೂ ಕಂಡಿದ್ದೇನೆ. ಕಾಯಿಸಿ ಬಡಿದು ಗಿರಾಕಿಗೇ ವಾಪಸು ಮಾರಿದವರನ್ನು ಇಲ್ಲಿ ಮಾತ್ರ ಕಂಡೆ.

ಉಣ್ಣೆ ಕತ್ತರಿಸುವ ಯಂತ್ರ ಬಂದಮೇಲೆ ಕುಲುಮೆಯ ಬೆಂಕಿ ವಾರಕ್ಕೆರಡು ದಿನಕ್ಕೆ ಇಳಿದಿತ್ತು. ಜಾಗವನ್ನು ಮೊಬೈಲ್ ಅಂಗಡಿಗೆ ಬಾಡಿಗೆಗೆ ಕೊಟ್ಟು ತಾನು ಗೇಟು ವೆಲ್ಡಿಂಗಿನ ಕೂಲಿಗೆ ಹೋಗುವುದೆಂದು ಮೌನೇಶ ತೀರ್ಮಾನಿಸಿದಾಗ, ನಾನು ನನ್ನ ಮಾರುಕಟ್ಟೆಯ ಪರಿಚಯಗಳನ್ನೆಲ್ಲ ಜಾಲಾಡಿ, ಕೈಯಿಂದ ಮಾಡಿದ ಉಪಕರಣಗಳನ್ನು ದೂರದ ಊರುಗಳಿಗೆ ಕಳಿಸುವ ಹುಬ್ಬಳ್ಳಿ ಕಡೆಯ ಸಗಟು ವ್ಯಾಪಾರಿಯೊಬ್ಬರನ್ನು ಹಿಡಿದೆ. ಅವರು ವರ್ಷವಿಡೀ ಮಾಲು ಕೊಳ್ಳಲು ಸಿದ್ಧ. ಒಂದೇ ಷರತ್ತು: ತಾತ ಮಾಡಿದ ಒಂದು ಕತ್ತರಿ ಕಣ್ಣಿಗೆ ತೋರಿಸಬೇಕು. "ಮೂರು ತಲೆಮಾರು ಅಂತ ಎಲ್ಲಾರೂ ಹೇಳ್ತಾರ್ರೀ," ಎಂದರು ಫೋನಿನಲ್ಲಿ. "ಸೋಮವಾರ ಬರ್ತೀನಿ. ಇದ್ರ ತೋರಿಸ್ರಿ, ಇಲ್ಲಾಂದ್ರ ಚಾ ಕುಡದು ಹೋಗ್ತೀನಿ."

ನನ್ನಿವಾಳದ ಕುರಿಹಟ್ಟಿಗಳನ್ನು ಸುತ್ತಿದೆ, ಸಿದ್ದಾಪುರದ ಗುಡ್ಡ ಹತ್ತಿದೆ. ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹಳೇದು ಕೊಟ್ರೆ ತಾನೇ ಹೊಸದು ಕೊಡೋದು ನಿಮ್ಮ ಆಚಾರಿ? ಅವನ ಬೆಂಕೀನೇ ಕೇಳು ಹೋಗು," ಎಂದರು. ಸೋತು ಬಂದು ಕುಲುಮೆಯ ಮುಂದೆ ಕುಳಿತಾಗ ಕಾಳಮ್ಮ ಬುದ್ಧಿ ಹೇಳಿದಳು.

"ಅಣ್ಣಾ, ಉಣ್ಣೇಲಿ ಮರಳಿರ್ತೈತೆ, ಅದು ಕಬ್ಬಿಣ ತಿಂತೈತೆ. ರೇಷ್ಮೆ ಏನು ತಿಂತೈತೆ? ಮೊಳಕಾಲ್ಮೂರಿಗೆ ಹೋಗು."

ಸಲಹೆ ಕೊಡುವುದು ನನ್ನ ಕುಲಕಸುಬು. ತೆಗೆದುಕೊಂಡದ್ದು ಅಂದೇ ಮೊದಲು.

ಮೊಳಕಾಲ್ಮೂರಿನ ಮೂರನೆಯ ಬೀದಿಯಲ್ಲಿ, ಮಗ್ಗದ ಪಕ್ಕ ಕುಳಿತು ಸೀರೆಯ ಅಂಚಿನ ಎಳೆ ಕತ್ತರಿಸುತ್ತಿದ್ದ ನರಸಮ್ಮ ಎಂಬ ಮುದುಕಿಯ ಕೈಯಲ್ಲಿ ಅದು ಸಿಕ್ಕಿತು. ಅವರು ಮದುವೆಯಾಗಿ ಬಂದಾಗಲೇ ಅತ್ತೆಯ ಕೈಯಲ್ಲಿ ಹಳತಾಗಿದ್ದ ಕತ್ತರಿ. ಮೊಂಡಾದಾಗ ಅಂಗಳದ ಕಲ್ಲಿಗೆ ಉಜ್ಜಿಕೊಳ್ಳುತ್ತಿದ್ದರೇ ಹೊರತು ಕುಲುಮೆಗೆ ಒಯ್ದಿರಲಿಲ್ಲ. ಅರ್ಧಚಂದ್ರ ಸವೆದು ರೇಖೆಯಾಗಿತ್ತು. ಮೂರು ಚುಕ್ಕಿ ಮಾತ್ರ ಸ್ಪಷ್ಟ. ನನ್ನ ಮೂವತ್ತು ವರ್ಷದ ಚೌಕಾಸಿ ವಿದ್ಯೆಯನ್ನೆಲ್ಲ ಪ್ರಯೋಗಿಸಿದೆ. ಒಂದಕ್ಕೆ ಎರಡು ಹೊಸ ಕತ್ತರಿ ಎಂದೆ, ನಾಲ್ಕು ಎಂದೆ, ಎದ್ದುಹೋಗುವ ನಾಟಕವನ್ನೂ ಆಡಿದೆ. ಹೊಸಿಲಿನವರೆಗೆ ಹೋದರೂ ಅವರು ಕರೆಯಲಿಲ್ಲ. ನಾನೇ ಚಪ್ಪಲಿ ಹುಡುಕುವ ನೆಪದಲ್ಲಿ ತಿರುಗಿದೆ.

"ಏಮಯ್ಯಾ, ಚಪ್ಪಲಿ ಕಾಲಲ್ಲೇ ಐತಲ್ಲ," ಎಂದರು ನರಸಮ್ಮ. "ಕತ್ತರಿ ನನ್ನ ಕೈ ಬಿಟ್ಟು ಬರಲ್ಲ. ಬೇಕಂದ್ರೆ ನಾನೂ ಬರ್ತೀನಿ. ಆದ್ರೆ ಸಾಣೆ ಹಿಡಿಸಿ ಕೊಡಬೇಕು."

"ಬಸ್ ಚಾರ್ಜು ನಂದು, ಅವ್ವಾ," ಎಂದೆ ಉದಾರವಾಗಿ.

"ನಂಗೆ ಸರ್ಕಾರಿ ಬಸ್ಸು ಫ್ರೀ. ನಿಂದು ನೀನು ನೋಡ್ಕೋ."

ಸೋಮವಾರ ಕುಲುಮೆಯಲ್ಲಿ ವ್ಯಾಪಾರಿ ಕತ್ತರಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಕಾಳಮ್ಮನ ಹೊಸ ಕತ್ತರಿಯ ಗುರುತಿನ ಪಕ್ಕ ಇಟ್ಟರು. ಮುಖ ಅರಳಲಿಲ್ಲ. "ಚುಕ್ಕಿ ಯಾರು ಬೇಕಾದ್ರೂ ಒತ್ತಬಹುದ್ರೀ. ಇಷ್ಟು ವರ್ಷದಾಗ ಮನಿಯೊಳಗ ಒಂದೂ ಉಳೀಲಿಲ್ಲಂದ್ರ ಯಾರು ನಂಬ್ತಾರ?" ಎಂದು ಕತ್ತರಿಯನ್ನು ನರಸಮ್ಮನಿಗೆ ಮರಳಿಸಿ ಚಹದ ಲೋಟ ಎತ್ತಿಕೊಂಡರು. ಚಹಾ ಮುಗಿದರೆ ಕಥೆಯೂ ಮುಗಿದಂತೆ. ಮುಗಿಯದಿರಲೆಂದು ನಾನು ಅವರ ಲೋಟಕ್ಕೆ ಇನ್ನಷ್ಟು ಸುರಿದೆ.

ನರಸಮ್ಮನಿಗೆ ಇದ್ಯಾವುದೂ ಲೆಕ್ಕಕ್ಕಿರಲಿಲ್ಲ. ಒಪ್ಪಂದದಂತೆ ಕತ್ತರಿಯನ್ನು ಮೌನೇಶನ ಮುಂದೆ ಚಾಚಿ, "ತಗೋ ನಾಯನಾ, ಸಾಣೆ ಹಿಡಿ," ಎಂದರು.

ಮೌನೇಶ ತೆಗೆದುಕೊಂಡ. ಮನಸ್ಸು ಬಾಡಿಗೆಯ ಚಿಂತೆಯಲ್ಲಿತ್ತು. ಕೈ ಮಾತ್ರ ತಾತನ ಕಾಲದ ಪಾಠ ನೆನೆಯಿತು. ಬಲಗೈ ಕತ್ತರಿಯನ್ನು ಇಕ್ಕಳದಲ್ಲಿ ಕಚ್ಚಿಸಿ ನೇರವಾಗಿ ಕೆಂಡದ ಮೇಲಕ್ಕೆ ಒಯ್ಯಿತು. ಎಡಗೈ ತಾನಾಗಿ ಗೋಡೆಯ ಮೇಲಿನ ಹೊಸ ಕತ್ತರಿಯೊಂದನ್ನು ತೆಗೆದು ನರಸಮ್ಮನ ಮುಂದೆ ಹಿಡಿಯಿತು.

"ಲೇ, ಲೇ," ಎಂದು ನಾನು ಎದ್ದೆ. ಕಾಳಮ್ಮ ಗಂಡನ ಮಣಿಕಟ್ಟು ಹಿಡಿದಳು. ನರಸಮ್ಮ ಸೆರಗು ಸಿಕ್ಕಿಸಿ, "ನನ್ನ ಅತ್ತೇನೇ ಬೆಂಕಿಗೆ ಹಾಕ್ತೀಯೇನೋ," ಎಂದರು. ಅತ್ತೆಯ ಮೇಲೆ ಆ ಮನೆಯಲ್ಲಿ ಅಷ್ಟು ಪ್ರೀತಿಯಿತ್ತೆಂದು ಅವರಿಗೂ ಆಗಲೇ ಗೊತ್ತಾಗಿರಬೇಕು.

ವ್ಯಾಪಾರಿ ಲೋಟ ಕೆಳಗಿಟ್ಟರು. ಮೌನೇಶನ ಎರಡು ಕೈಗಳನ್ನೂ, ಒಂದರಲ್ಲಿ ಬೆಂಕಿಯ ಮೇಲೆ ತೂಗುತ್ತಿದ್ದ ಹಳತನ್ನೂ ಇನ್ನೊಂದರಲ್ಲಿ ಚಾಚಿಕೊಂಡಿದ್ದ ಹೊಸತನ್ನೂ, ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಸಾಕು ಬಿಡ್ರಿ ಆಚಾರ್ರ," ಎಂದರು ಕಣ್ಣೊರೆಸಿಕೊಳ್ಳುತ್ತ. "ಒಂದೂ ಯಾಕ ಉಳೀಲಿಲ್ಲ ಅಂತ ಈಗ ಗೊತ್ತಾತು. ವರ್ಷದ ಮಾಲು ನನಗ ಕೊಡ್ರಿ."

ನಾನು ದರ ಮಾತಾಡಲು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ನರಸಮ್ಮ ಕತ್ತರಿಯನ್ನು ಇಕ್ಕಳದಿಂದ ಕಿತ್ತು ಸಾಣೆಕಲ್ಲಿನ ಮೇಲಿಟ್ಟು, ಮೌನೇಶನ ಎದುರು ಕಾಲು ಚಾಚಿ ಕುಳಿತರು. "ವರ್ಷದ್ದು ಆಮೇಲೆ. ಮೊದಲು ನಂದು," ಎಂದರು. ವರ್ಷಪೂರ್ತಿಯ ಗಿರಾಕಿ ತಾವೇ ಎದ್ದು, ಅವರಿಗೆ ಜಾಗ ಬಿಟ್ಟು, ಸರದಿಯಲ್ಲಿ ನಿಂತರು.