ಕುದಿಸದೆ ಬಿಟ್ಟ ಕೈ

ನಮ್ಮ ಮನೆಯಲ್ಲಿ ದೋಸೆಹಿಟ್ಟು ಕಲೆಸುವವಳು ನಾನು. ಯಾರು ಬೇಕಾದರೂ ರುಬ್ಬಲಿ, ಕೊನೆಗೆ ಉಪ್ಪು ಹಾಕಿ, ಮೊಣಕೈವರೆಗೆ ಕೈ ಇಳಿಸಿ ಕಲೆಸುವುದು ನನ್ನ ಕೆಲಸ. ನನ್ನ ಕೈ ಬಿದ್ದರೆ ಹಿಟ್ಟು ಬೆಳಗಾಗುವಷ್ಟರಲ್ಲಿ ಮುಚ್ಚಳ ಎತ್ತುತ್ತದೆ ಎಂದು ಹಂಪಾಪುರದ ನಮ್ಮ ಬೀದಿಯಲ್ಲೆಲ್ಲ ಹೆಸರು. ನಾಮಕರಣದ ಮನೆಯವರು ಕರೆಸಿಕೊಂಡು ಕೈ ಹಾಕಿಸಿದ್ದೂ ಉಂಟು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ, ಗಂಡನ ಮನೆಯಿಂದ ವಾಪಸು ಬಂದವಳಿಗೆ, ಇದ್ದ ಬಿರುದು ಅದೊಂದೇ. ಹಾಗಾಗಿ ಕೊಬ್ಬೂ ಸ್ವಲ್ಪ ಜಾಸ್ತಿಯೇ ಇತ್ತು.

ನನ್ನ ತಮ್ಮ ಅಂತರಸಂತೆಯ ಆಚೆ ಒಂದು ರೆಸಾರ್ಟಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ತಂಗಿದ್ದ ಯಾರೋ ಒಬ್ಬರು ಮನೆಯಲ್ಲೇ ಬಿಯರ್ ಮಾಡುವುದು ಹೇಗೆಂದು ಅವನಿಗೆ ಹೇಳಿಕೊಟ್ಟು, ಬಿಯರಿಗೆ ಕಹಿ ಕೊಡುವ ಒಣಹೂವಿನ ದೊಡ್ಡ ಪೊಟ್ಟಣವೊಂದನ್ನೂ ಒಂದು ಥರ್ಮಾಮೀಟರನ್ನೂ ಕೊಟ್ಟು ಹೋದರು. ಅವರೇನೋ ಹೋದರು, ಪಾಡು ನಮಗೆ ಬಂತು. ತಮ್ಮ ರಾಗಿಯಲ್ಲಿ ಬಿಯರ್ ಮಾಡುತ್ತೇನೆಂದು ಹೊರಟ.

"ಅದೇನ್ಲಾ ಹೊಸದು? ನಮ್ಮ ಅಂಬಲಿನೇ ತಾನೇ?" ಎಂದಳು ಅವ್ವ.

"ಅಂಬಲಿ ಅಲ್ಲ ಕಣವ್ವ, ಇದು ಸೈನ್ಸು."

ಸೈನ್ಸು ಹಿತ್ತಿಲ ಕೋಣೆಯಲ್ಲಿ ಶುರುವಾಯಿತು. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಮಿಲ್ಲಿಗೆ ಹಾಕಿಸಿ, ಬಿಸಿನೀರಲ್ಲಿ ನೆನೆಸಿ, ಸೋಸಿ, ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ, ಅಗಲ ಬಾಯಿಯ ಡ್ರಮ್ಮಿಗೆ ಸುರಿದ. ಮುಚ್ಚಳಕ್ಕೆ ತೂತು ಕೊರೆದು ಗ್ಲೂಕೋಸ್ ಏರಿಸುವ ಪೈಪು ಸಿಕ್ಕಿಸಿ, ಅದರ ತುದಿಯನ್ನು ನೀರಿನ ಬಾಟಲಿಗೆ ಇಳಿಬಿಟ್ಟ. ಡ್ರಮ್ಮು ಅಡ್ಮಿಟ್ ಆದ ಪೇಷೆಂಟಿನ ಹಾಗೆ ಕಾಣುತ್ತಿತ್ತು. ಬಾಟಲಿಯಲ್ಲಿ ಗುಳ್ಳೆ ಎದ್ದರೆ ಒಳಗೆ ಜೀವ ಇದೆ ಎಂದು ಲೆಕ್ಕ. ಹತ್ತು ದಿನ ಯಾರೂ ಮುಚ್ಚಳ ತೆಗೆಯಕೂಡದು. ಚೊಕ್ಕಟವೇ ಮುಖ್ಯ ಎಂದು ಅವನು ಸೌಟು, ಬಟ್ಟೆ, ಪೈಪು ಎಲ್ಲವನ್ನೂ ಕುದಿಸಿದ್ದ. ಅಕ್ಕನ ಕೈಯನ್ನು ಕುದಿಸುವುದು ಮಾತ್ರ ಅವನು ನೋಡಿದ ಯಾವ ವಿಡಿಯೋದಲ್ಲೂ ಇರಲಿಲ್ಲ.

ಅವನು ಡ್ಯೂಟಿಗೆ ಹೋದ ಮೇಲೆ ನಾನು ಹೋಗಿ ನೋಡಿದೆ. ಒಂದು ಗುಳ್ಳೆಯೂ ಇಲ್ಲ. ಪಾಪ, ಇವನಿಗೇನು ಗೊತ್ತು, ಕೈ ಬೀಳದೆ ಯಾವ ಹಿಟ್ಟು ತಾನೇ ಎದ್ದೀತು ಅನ್ನಿಸಿತು. ಮುಚ್ಚಳ ತೆಗೆದೆ, ಮೊಣಕೈವರೆಗೆ ಇಳಿಸಿದೆ, ಚೆನ್ನಾಗಿ ಕಲೆಸಿದೆ, ಮುಚ್ಚಿದೆ. ಮಾರನೆಯ ದಿನ ಗುಳ್ಳೆ ಬಂತು. ತಮ್ಮ ಪೈಪಿಗೆ ಕೈ ಮುಗಿಯುವುದೊಂದು ಬಾಕಿ. ನಾನು ಒಳಗೊಳಗೇ ನಕ್ಕೆ. ಆಮೇಲೆ ದಿನಾ ಒಂದು ಸಲ ಕಲೆಸಿದೆ.

ಹತ್ತನೇ ದಿನ ತೆಗೆದರೆ ಮೇಲೆ ಬಿಳಿ ಕೆನೆ, ಕುಡಿದರೆ ಹುಣಸೆಹಣ್ಣನ್ನು ನಾಚಿಸುವ ಹುಳಿ. ತಮ್ಮ ಫೋನು ಹಿಡಿದು ಕೂತು ನೀರಿನ ತಪ್ಪು ಎಂದ. ಎರಡನೇ ಸಲ ಬೋರ್‌ವೆಲ್ ನೀರು ಬಿಟ್ಟು ಕ್ಯಾನಿನ ನೀರು ತಂದ, ನಾನು ಮತ್ತೆ ಕಲೆಸಿದೆ, ಮತ್ತೆ ಹುಳಿ. ಬೇಕರಿಯವರು ಕೊಟ್ಟ ಯೀಸ್ಟ್ ಹಳೆಯದು ಎಂದ. ಮೂರನೇ ಸಲ ಎಚ್.ಡಿ. ಕೋಟೆಯಿಂದ ಹೊಸ ಯೀಸ್ಟ್ ತಂದ. ನನಗೂ ಹಟ: ಹಿಂದಿನ ಸಲ ಕೈ ಸಾಲದೇ ಹೋಯಿತೇನೋ ಎಂದು ಈ ಸಲ ದಿನಕ್ಕೆರಡು ಬಾರಿ ಕಲೆಸಿದೆ. ಹಾಗೆ ಒಂದು ದಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ತಮ್ಮನ ಹೆಂಡತಿ ಬಾಗಿಲ ಬಳಿ ನಿಂತಿದ್ದಳು. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಮೂರನೇ ಡ್ರಮ್ಮು ಮೊದಲೆರಡಕ್ಕಿಂತ ಹುಳಿ. ಆಗ ಅವ್ವ ಬಾಯಿ ಬಿಟ್ಟಳು.

"ನಿನ್ನ ಹೆಂಡ್ರು ಹೋದ ವಾರ ಹೊರಗಾಗಿದ್ಳು ಕಣ್ಲಾ. ಆ ಕೋಣೆತಾವ ಓಡಾಡವ್ಳೆ. ಉಪ್ಪಿನಕಾಯೇ ಕೆಡ್ತದೆ, ಇದು ಉಳೀತದಾ?"

ಥರ್ಮಾಮೀಟರ್ ಹಿಡಿದ ವಿಜ್ಞಾನಿ ಒಂದು ನಿಮಿಷ ಯೋಚಿಸಿದ. "ಇರಬೋದು ಕಣವ್ವ," ಎಂದ. ನೀರು, ಯೀಸ್ಟ್ ಎಂದು ಒಂದು ತಿಂಗಳು ಹುಡುಕಿದವನಿಗೆ ಹೆಂಡತಿ ಒಂದೇ ನಿಮಿಷಕ್ಕೆ ಸಿಕ್ಕಿಬಿದ್ದಳು.

"ನಾನು ಮುಟ್ಟಿಲ್ಲ ಅತ್ತೆ," ಎಂದು ಅವಳು ನನ್ನ ಕಡೆ ನೋಡಿದಳು. ನಾನು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ. ಆ ಅಕ್ಕಿಯಲ್ಲಿ ಒಂದು ಕಲ್ಲೂ ಇರಲಿಲ್ಲ, ಆದರೂ ತಲೆ ಎತ್ತಲಿಲ್ಲ. ಹೆಚ್ಚು ಕಲೆಸಿದಷ್ಟೂ ಹೆಚ್ಚು ಹುಳಿ; ತಪ್ಪು ಯಾರದೆಂದು ನನಗೆ ಆ ಹೊತ್ತಿಗೆ ಗೊತ್ತಾಗಿತ್ತು. ಬಾಯಿ ಬಿಟ್ಟರೆ ನನ್ನ ಕೈಯ ಹೆಸರು ಹೋಗುತ್ತದೆ ಎಂದು ಸುಮ್ಮನಿದ್ದೆ. ಮುಂದಿನ ಡ್ರಮ್ಮು ಮುಗಿಯುವವರೆಗೆ ತವರಲ್ಲಿರು ಎಂದು ತಮ್ಮ ಅವಳನ್ನು ಪಿರಿಯಾಪಟ್ಟಣದ ಬಸ್ಸು ಹತ್ತಿಸಿದ.

ಪಾಪಪ್ರಜ್ಞೆ ನನಗೆ ತಡವಾಗಿ ಬರುತ್ತದೆ, ಬಂದಾಗ ತಪ್ಪು ಬಾಗಿಲಿಗೆ ಬರುತ್ತದೆ. ನಾಲ್ಕನೇ ಡ್ರಮ್ಮಿನ ಹತ್ತಿರ ನಾನು ಸುಳಿಯಲೇ ಇಲ್ಲ. ಹತ್ತು ದಿನವಾದ ಮೇಲೆ ತಮ್ಮ ಬಾಟಲಿಗಳಿಗೆ ತುಂಬಿಟ್ಟ. ಇನ್ನೊಂದು ವಾರ ಬಿಟ್ಟು ತೆಗೆದರೆ ನೊರೆ, ತಿಳಿಗಂದು ಬಣ್ಣ, ಹದವಾದ ಕಹಿ. ತಮ್ಮ ಕುಣಿದ. ಅವ್ವ ಗೆದ್ದವಳ ಹಾಗೆ ಸೊಂಟದ ಮೇಲೆ ಕೈ ಇಟ್ಟಳು.

"ನೋಡ್ದಾ? ಅವ್ಳಿಲ್ದೆ ಎಂಗಾಯ್ತು!"

ನಾನು ಕೈ ಹಾಕದೆ ಇದ್ದುದರಿಂದ ಅವಳ ಮೇಲಿನ ಅಪವಾದಕ್ಕೆ ಸಾಕ್ಷಿ ಸಿಕ್ಕಿತ್ತು. ತಮ್ಮ ಹೆಂಡತಿಯನ್ನು ಕರೆತರುವ ಮಾತೇ ಎತ್ತಲಿಲ್ಲ. ಎರಡು ವಾರ ಕಳೆಯಿತು. ಒಂದು ಮಧ್ಯಾಹ್ನ ಊಟದ ಮುಂದೆಯೇ ಹೇಳಿಬಿಟ್ಟೆ.

"ಮೂರು ಸಲನೂ ಕೈ ಹಾಕಿ ಕಲೆಸಿದ್ದು ನಾನು ಕಣೋ."

ಇಬ್ಬರೂ ನಕ್ಕರು. "ನಿನ್ನ ಕೈಗೆ ಕೆಡ್ತದೇನಕ್ಕ? ಅವ್ಳ ಪರ ಮಾತಾಡಬ್ಯಾಡ, ಬುಡು," ಎಂದ ತಮ್ಮ.

ನನ್ನ ಹೆಸರು ಎಷ್ಟು ಗಟ್ಟಿಯಾಗಿತ್ತು ಎಂದರೆ ನಾನೇ ಒಡೆದರೂ ಒಡೆಯಲಿಲ್ಲ. ಐದನೇ ಡ್ರಮ್ಮು ಇಟ್ಟ ದಿನ ಇಬ್ಬರನ್ನೂ ಕರೆದು, ಅವರ ಕಣ್ಣೆದುರೇ ಮುಚ್ಚಳ ತೆಗೆದು ಮೊಣಕೈವರೆಗೆ ಇಳಿಸಿದೆ. "ಅಕ್ಕಾ, ಬ್ಯಾಡ ಕಣಕ್ಕಾ!" ಎಂದು ತಮ್ಮ ಕಿರುಚಿದ. ಹತ್ತು ದಿನವೂ ಅವರನ್ನು ಕೂಗಿ ಕರೆದು ಕಲೆಸಿದೆ. ಹತ್ತನೇ ದಿನ ಅದೇ ಬಿಳಿ ಕೆನೆ, ಅದೇ ಹುಳಿ.

ಅವ್ವ ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಈ ವಾರ ಮೋಡ ಮುಚ್ಕಂಡಿತ್ತಲ್ಲ, ಅದ್ಕೇ."

ಸೊಸೆ ಆ ಕೋಣೆಯ ಹತ್ತಿರ ಓಡಾಡಿದರೆ ಸೊಸೆಯ ತಪ್ಪು, ಮಗಳು ಕೈ ಇಳಿಸಿದರೆ ಮೋಡದ ತಪ್ಪು. ತಮ್ಮ ಮಾತ್ರ ಮೋಡದ ಮಾತಿಗೆ ತಲೆಯಾಡಿಸಲಿಲ್ಲ. ನನ್ನ ಕೈಯನ್ನೇ ನೋಡುತ್ತ ನಿಂತಿದ್ದ. ಆಮೇಲೆ, "ಅವ್ಳ ಮುಖ ಎಂಗಕ್ಕ ನೋಡ್ಲಿ?" ಎಂದ.

"ನಾನೇ ಮೊದ್ಲು ನೋಡ್ತೀನಿ ಬುಡು," ಎಂದು ಮಾರನೆಯ ದಿನ ನಾನೇ ಪಿರಿಯಾಪಟ್ಟಣಕ್ಕೆ ಹೋದೆ.

ತಮ್ಮನ ಹೆಂಡತಿ ನೀರು ಕೊಟ್ಟಳು, ಎದುರಿಗೆ ಕೂತಳು. ನಾನು ನಡೆದದ್ದನ್ನೆಲ್ಲ ಹೇಳಿದೆ.

"ನೀವು ಕೈ ಒರೆಸ್ಕಂಡಿದ್ದು ನೋಡಿದ್ದೆ ಕಣಕ್ಕ. ಅವತ್ತೇ ಹೇಳ್ತೀರಿ ಅಂದ್ಕಂಡೆ."

"ಹೇಳ್ಲಿಲ್ಲ ಕಣಮ್ಮ. ತಪ್ಪಾಯ್ತು."

"ಬತ್ತೀನಿ. ಆದ್ರೆ ಇನ್ಮೇಕೆ ದೋಸೆಹಿಟ್ಟು ನಾನೇ ಕಲೆಸ್ತೀನಿ. ತಿಂಗಳು ಪೂರ್ತಿ. ಒಂದು ದಿನಾನೂ ಬುಡಲ್ಲ."

ಒಂದು ದಿನಾನೂ ಎಂದರೆ ಯಾವ ದಿನಗಳೂ ಸೇರಿದವು ಎಂದು ನನಗೆ ಅರ್ಥವಾಯಿತು. ಹೂಂ ಎಂದೆ. ನನ್ನ ಹತ್ತಿರ ಕೊಡಲು ಇದ್ದದ್ದು ಅದೊಂದೇ, ಅವಳು ಅದನ್ನೇ ಕೇಳಿದ್ದಳು.

ಬಂದ ಹದಿನೈದು ದಿನಕ್ಕೆ ಅವಳು ಹೊರಗಾದಳು. ಅತ್ತೆಗೆ ಹೇಳಲಿಲ್ಲ, ನನಗೆ ಹೇಳಿದಳು. ಹಿಟ್ಟು ಕಲೆಸುವ ಕೈ ಬದಲಾದದ್ದೂ ಅವ್ವನಿಗೆ ಗೊತ್ತಿರಲಿಲ್ಲ. ಸಂಜೆ ನನ್ನ ಎದುರೇ ಮೊಣಕೈವರೆಗೆ ಕೈ ಇಳಿಸಿ ಹಿಟ್ಟು ಕಲೆಸಿದಳು. ನಾನು ಪಕ್ಕದಲ್ಲಿ ಕೂತು ತೆಂಗಿನಕಾಯಿ ತುರಿದೆ. ಬೆಳಿಗ್ಗೆ ಹಿಟ್ಟು ಮುಚ್ಚಳ ಎತ್ತಿ ಪಾತ್ರೆಯ ಹೊರಗೆ ಸುರಿದಿತ್ತು.

ಅವ್ವ ನಾಲ್ಕನೇ ದೋಸೆಗೆ ತಟ್ಟೆ ಒಡ್ಡುತ್ತ, "ಏನೇ ಹೇಳಿ, ನನ್ನ ಮಗಳ ಕೈ ಕೈಯೇ," ಎಂದಳು.

ತಮ್ಮನ ಹೆಂಡತಿ ಒಲೆಯ ಮುಂದಿನಿಂದ ನನ್ನ ಕಡೆ ನೋಡಿದಳು. ಈ ಸಲ ಆರಿಸಲು ಅಕ್ಕಿ ಇರಲಿಲ್ಲ.

"ಇದು ನನ್ನ ಕೈಯಲ್ಲ ಕಣವ್ವ," ಎಂದೆ. "ನಿನ್ನ ಸೊಸೇದು. ಹೊರಗಾಗವ್ಳೆ. ತಿನ್ನು."

ಅವ್ವ ತಟ್ಟೆಯನ್ನು ನೋಡಿದಳು, ಸೊಸೆಯನ್ನು ನೋಡಿದಳು. ದೋಸೆ ಬಿಸಿಯಾಗಿತ್ತು. ತಿಂದಳು.